ಮಾವನ ಒಣ ಕಾಲು

ನಮ್ಮ ಮನೆಯಲ್ಲಿ ಉಪ್ಪಿನಕಾಯಿಯ ಭರಣಿ ಮುಟ್ಟುವ ಅಧಿಕಾರ ನನಗೆ ಎಂದೂ ಸಿಗಲಿಲ್ಲ. ತಂಗಿ ನನಗಿಂತ ನಾಲ್ಕು ವರ್ಷ ಚಿಕ್ಕವಳು. ಅವಳು ಸ್ಟೂಲು ಹತ್ತಿ ಭರಣಿ ಇಳಿಸಿ, ಬಾಯಿಗೆ ಕಟ್ಟಿದ ಬಿಳಿ ಅರಿವೆ ಬಿಚ್ಚಿ, ಕಟ್ಟಿಗೆಯ ಸೌಟಿನಿಂದ ಎಲ್ಲರ ತಾಟಿಗೂ ಹೋಳು ಬಡಿಸುವಳು. ನಾನು ದೂರ ನಿಂತು ನೋಡಬೇಕು. "ನೀ ಮುಟ್ಟಬ್ಯಾಡವಾ ತಾಯಿ, ನಿನ್ನ ಕೈ ಹತ್ತಿದ್ರ ಎಂಟ ದಿನಕ್ಕ ಬೂಷ್ಟ ಹಿಡೀತೈತಿ" ಎಂದು ಅವ್ವ ಹೇಳುತ್ತಿದ್ದಳು. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ನನ್ನ ಅಂಗೈ ವರ್ಷದ ಹನ್ನೆರಡು ತಿಂಗಳೂ ಬೆವರುತ್ತಿತ್ತು, ಅಷ್ಟೆ.

ಬೇಸಿಗೆಯಲ್ಲಿ ಎಲ್ಲರೂ ಬೆವರುತ್ತಾರೆ. ಅದರಲ್ಲೂ ಕೊಪ್ಪಳ ಸೀಮೆಯ ಏಪ್ರಿಲ್ ತಿಂಗಳಲ್ಲಿ ಬೆವರದವರು ಯಾರು? ನನ್ನದು ಅಂಥ ಬೆವರಲ್ಲ. ಮಾರ್ಗಶಿರದ ಚಳಿಯಲ್ಲಿ ಹಲ್ಲು ಕಟಕಟ ಎನ್ನುವಾಗಲೂ ಬೆರಳ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಪಾಟಿಯ ಮೇಲೆ ಬರೆದ ಮಗ್ಗಿಯನ್ನು ಗುರುಗಳು ನೋಡುವ ಮೊದಲೇ ನನ್ನ ಕೈಯೇ ಅಳಿಸಿಬಿಡುತ್ತಿತ್ತು. ಅಜ್ಜಿ ಮಾತ್ರ ನನ್ನ ಕೈಯನ್ನು ಹೊಗಳುತ್ತಿದ್ದಳು. ರೊಟ್ಟಿ ಬಡಿಯಲು ಕೂಡಿಸಿಕೊಂಡು, "ಇಕಿಗೆ ನೀರಿನ ಬಟ್ಟಲಾ ಬೇಕಾಗಿಲ್ಲ ನೋಡ್ರಿ" ಎಂದು ನಗುವಳು. ಬಳೆಗಾರ ಬಂದಾಗಲೂ ಅಷ್ಟೆ, ತಂಗಿಯ ಕೈಗೆ ಸಾಬೂನು ಬೇಕು, ನನ್ನ ಕೈಗೆ ಬೇಡ.

ಹೀಗೆ ನಗುವಿನಲ್ಲೇ ಹೋಗಬಹುದಾಗಿದ್ದ ವಿಷಯ 1986ರ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಅಳುವಾಯಿತು. ಉತ್ತರ ಪತ್ರಿಕೆ ನೆನೆಯಬಾರದೆಂದು ಅಂಗೈ ಕೆಳಗೆ ಕರವಸ್ತ್ರ ಇಟ್ಟುಕೊಂಡು ಬರೆಯುತ್ತಿದ್ದೆ. ಘಳಿಗೆಗೊಮ್ಮೆ ಕೈ ಒರೆಸಿಕೊಳ್ಳುವುದನ್ನು ನೋಡಿದ ಮೇಲ್ವಿಚಾರಕರಿಗೆ ಸಂಶಯ ಬಂತು. ಎದ್ದು ನಿಲ್ಲಿಸಿ ಅಂಗೈ ಬಿಚ್ಚಿಸಿದರು. ಶಾಯಿ ಬೆವರಿನಲ್ಲಿ ಕಲಸಿ ಕೈಯೆಲ್ಲ ನೀಲಿಯಾಗಿತ್ತು. ಏನೋ ಬರೆದುಕೊಂಡು ಬಂದು ಅಳಿಸಿದ್ದಾಳೆ ಎಂದು ಅವರು ತಿಳಿದರು. "ತಪ್ಪು ಮಾಡದವರ ಕೈ ಹಿಂಗ್ಯಾಕ ಬೆವರ್ತಾವ?" ಎಂದು ಎಲ್ಲರ ಎದುರು ಕೇಳಿದರು. ಹತ್ತು ನಿಮಿಷದ ಮೇಲೆ ಪೇಪರು ವಾಪಸು ಕೊಟ್ಟರು. ಆ ಹತ್ತು ನಿಮಿಷ ಇಂದಿಗೂ ನನಗೆ ಮರೆತಿಲ್ಲ. ಕೈ ಬೆವರುವುದು ಒಂದು ದೇಹದ ಸ್ಥಿತಿ, ಅದಕ್ಕೆ ಹೆಸರಿದೆ, ಔಷಧವಿದೆ, ಶಸ್ತ್ರಚಿಕಿತ್ಸೆಯೂ ಇದೆ ಎಂಬುದು ಆಗ ನನಗೂ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ.

ಆದರೆ ಆ ಶಸ್ತ್ರಚಿಕಿತ್ಸೆಯ ಒಂದು ಕುರುಹು ನನ್ನ ಕಣ್ಣ ಮುಂದೆಯೇ ಓಡಾಡಿಕೊಂಡಿತ್ತು. ಅದು ತಳಕಲ್ಲಿನ ನನ್ನ ಸೋದರಮಾವನ ಎಡಗಾಲು.

ತಳಕಲ್ ಅವ್ವನ ತವರು. ಬೇಸಿಗೆ ಸೂಟಿ ಬಿಟ್ಟ ಕೂಡಲೆ ನಾವೆಲ್ಲ ಅಲ್ಲಿಗೇ. ಮಾವ ರೈಲ್ವೆ ಗ್ಯಾಂಗಿನಲ್ಲಿ ಕೆಲಸಕ್ಕಿದ್ದ. ಆಗಿನ್ನೂ ಮೀಟರ್ ಗೇಜ್ ಹಳಿ. ದಿನವಿಡೀ ಹಳಿಯ ಗುಂಟ ನಡೆಯುವ ಕೆಲಸ, ದಿನಕ್ಕೆ ಎರಡು ಕಟ್ಟು ಬೀಡಿ. ಮೂವತ್ತೈದರ ಹೊತ್ತಿಗೆ ಅವನಿಗೆ ನೂರು ಹೆಜ್ಜೆ ನಡೆದರೆ ಮೀನಖಂಡ ಹಿಡಿಯತೊಡಗಿತು. ಕೂತರೆ ಹೋಗುವುದು, ನಡೆದರೆ ಬರುವುದು. ಆಮೇಲೆ ಎಡಗಾಲ ಬೆರಳ ತುದಿಯಲ್ಲಿ ಮಾಯದ ಹುಣ್ಣು. ಹುಬ್ಬಳ್ಳಿಯ ದೊಡ್ಡ ದವಾಖಾನೆಯಲ್ಲಿ ಹೊಟ್ಟೆಯ ಎಡಬದಿ ಕೊಯ್ದು ಒಳಗಿನ ಒಂದು ನರ ಕತ್ತರಿಸಿದರು. "ಕಾಲಿನ ಬ್ಯಾನಿಗೆ ಹೊಟ್ಟಿ ಯಾಕ ಕೊಯ್ದ್ರೋ" ಎಂದು ಊರೆಲ್ಲ ಆಶ್ಚರ್ಯಪಟ್ಟಿತು.

ಆ ರೋಗದ ಹೆಸರು ಬರ್ಜರ್ಸ್ ಕಾಯಿಲೆ ಎಂದು ಬಹಳ ವರ್ಷಗಳ ಮೇಲೆ ತಿಳಿದೆ. ನ್ಯೂಯಾರ್ಕಿನ ಲಿಯೋ ಬರ್ಜರ್ 1908ರಲ್ಲಿ ಅದನ್ನು ವಿವರಿಸಿದ. ತಂಬಾಕಿನಿಂದ ಕೈಕಾಲಿನ ಸಣ್ಣ ರಕ್ತನಾಳಗಳು ಉರಿದು ಮುಚ್ಚಿಹೋಗುವ ಕಾಯಿಲೆ ಅದು. ಬೀಡಿ ಸೇದುವ ನಮ್ಮ ದೇಶದಲ್ಲಿ ಅದಕ್ಕೆ ಸೊಂಟದ ಒಳಗಿನ ಸಿಂಪಥೆಟಿಕ್ ನರ ಕತ್ತರಿಸುವ ಶಸ್ತ್ರಚಿಕಿತ್ಸೆಯನ್ನು ಬಹಳ ಕಾಲ ಮಾಡುತ್ತಿದ್ದರು. ನರ ಹೋದರೆ ಚರ್ಮದ ರಕ್ತನಾಳಗಳು ಸಡಿಲಾಗಿ ಕಾಲು ಬೆಚ್ಚಗಾಗುತ್ತದೆ, ಹುಣ್ಣು ಮಾಯಲು ಅನುಕೂಲವಾಗುತ್ತದೆ ಎಂಬ ಲೆಕ್ಕ.

ಮಾವನ ಹುಣ್ಣು ಮಾಯಿತು. ಆದರೆ ಎಂಟು ವರ್ಷದ ನಾನು ಕಂಡದ್ದು ಬೇರೆ. ತಳಕಲ್ಲಿನ ಮನೆಯ ಪಡಸಾಲೆಗೆ ಶಹಾಬಾದ ಫರಸಿ. ಹೊರಗಿನಿಂದ ಬಂದು ಚಪ್ಪಲಿ ಕಳಚಿ ನಡೆದರೆ ಮಾವನ ಬಲಗಾಲಿನ ಒದ್ದೆ ಗುರುತು ಕಲ್ಲಿನ ಮೇಲೆ ಮೂಡುತ್ತಿತ್ತು, ಎಡಗಾಲಿನದು ಇಲ್ಲ. ಒಂಟಿ ಕಾಲಿನವನು ನಡೆದು ಹೋದಂತೆ! ಎಡಪಾದ ಸದಾ ಬೆಚ್ಚಗೆ, ಒಣಗಿದ ಎಲೆಯ ಹಾಗೆ. ಹಿಮ್ಮಡಿ ಬಿರುಕು ಬಿಟ್ಟು ಅತ್ತೆ ರಾತ್ರಿ ಹೊತ್ತು ಹರಳೆಣ್ಣೆ ಹಚ್ಚುತ್ತಿದ್ದಳು. ನಾನು ನನ್ನ ಎರಡೂ ಕೈಯನ್ನು ಅದೇ ಫರಸಿಯ ಮೇಲೆ ಒತ್ತಿ, ಹತ್ತು ಬೆರಳಿನ ಒದ್ದೆ ಅಚ್ಚು ತೋರಿಸಿ, "ಮಾವ, ನಿನ್ನ ಕಾಲಿನಾಂಗ ನನ್ನ ಕೈ ಮಾಡಿಸಿಕೊಡು" ಎನ್ನುತ್ತಿದ್ದೆ. ಅವನು ಎಡಗಾಲನ್ನು ಮುಂದೆ ಚಾಚಿ, "ಇದು ನನ್ನ ಕಾಲಲ್ಲವಾ ತಂಗಿ, ಡಾಕ್ಟರನ ಕಾಲು. ನಾ ಬರೇ ಹೊತಗೊಂಡು ಅಡ್ಡಾಡತೀನಿ" ಎಂದು ನಗುತ್ತಿದ್ದ.

ಈ ಮಾತನ್ನು ನಾನು ಮತ್ತೆ ನೆನಪಿಸಿಕೊಂಡದ್ದು 2022ರಲ್ಲಿ.

ನನ್ನ ತಮ್ಮ ಕೊಪ್ಪಳದಲ್ಲಿದ್ದಾನೆ. ಅವನ ಮಗಳು ತಳಕಲ್ಲಿನ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿಗೆ ಸೇರಿದಳು. ಮನೆತನದ ಆಸ್ತಿ ಹೊಲ ಮನೆ ಏನೂ ಅವಳಿಗೆ ಬರಲಿಲ್ಲ, ನನ್ನ ಕೈ ಮಾತ್ರ ಬಂತು. ಈ ತೊಂದರೆ ಎಷ್ಟೋ ಮನೆಗಳಲ್ಲಿ ರಕ್ತಸಂಬಂಧದಲ್ಲೇ ಹರಿದುಬರುತ್ತದೆ. ನನ್ನ ಕಾಲದಲ್ಲಿ ಪಾಟಿ, ಶಾಯಿ. ಅವಳ ಕಾಲದಲ್ಲಿ ಮೊಬೈಲಿನ ಗಾಜು ಒದ್ದೆ ಬೆರಳನ್ನು ಗುರುತಿಸುವುದಿಲ್ಲ, ಹೆಬ್ಬೆಟ್ಟಿನ ಹಾಜರಿ ಯಂತ್ರ ಮೂರು ಸಲ ಒತ್ತಿದರೂ ಒಪ್ಪುವುದಿಲ್ಲ, ಪ್ರಯೋಗಾಲಯದಲ್ಲಿ ಅವಳು ಮುಟ್ಟಿದ ತಂತಿಯ ತುದಿ ಬೇಗ ಕಿಲುಬು ಹಿಡಿಯುತ್ತದೆ. ಗೆಳತಿಯರು ಕೈ ಹಿಡಿದರೆ ಇವಳು ಎಳೆದುಕೊಳ್ಳುತ್ತಾಳೆ. ಒಂದು ದಿನ ತಮ್ಮ ಫೋನು ಮಾಡಿ, "ಅಕ್ಕಾ, ಒಂದು ಆಪರೇಶನ್ ಐತಂತ. ಒಂದು ತಾಸಿನ್ಯಾಗ ಎರಡೂ ಕೈ ಒಣಗತಾವಂತ. ಮರುದಿನ ಮನಿಗೆ ಕಳಸ್ತಾರಂತ. ಬಂಗಾರ ಒತ್ತಿ ಇಟ್ಟಾದ್ರೂ ಮಾಡಸ್ತೀನಿ" ಎಂದ. ಅವನ ದನಿಯಲ್ಲಿದ್ದ ಸಂತೋಷ ಕೇಳಿ ನನಗೂ ಸಂತೋಷವಾಯಿತು. ಫೋನು ಇಟ್ಟ ಮೇಲೆ ಮಾವನ ಕಾಲು ನೆನಪಾಯಿತು.

ನಾನು ಮೂವತ್ತು ವರ್ಷ ಮಕ್ಕಳಿಗೆ ಇತಿಹಾಸ ಹೇಳಿಕೊಟ್ಟವಳು. ಯಾವುದಾದರೂ ವಸ್ತು ಎಲ್ಲಿಂದ ಬಂತು ಎಂದು ಕೇಳದೆ ನನಗೆ ಊಟ ಸೇರುವುದಿಲ್ಲ. ಅಂದಿನಿಂದ ಆ ಶಸ್ತ್ರಚಿಕಿತ್ಸೆಯ ಬೆನ್ನು ಹತ್ತಿದೆ. ಗೊತ್ತಿದ್ದ ವೈದ್ಯರನ್ನು ಕೇಳಿದೆ, ಸಿಕ್ಕಿದ್ದನ್ನು ಓದಿದೆ.

ನಮ್ಮ ಚರ್ಮದಲ್ಲಿ 20ರಿಂದ 40 ಲಕ್ಷ ಬೆವರಿನ ಗ್ರಂಥಿಗಳಿವೆ. ಅಂಗೈ, ಅಂಗಾಲುಗಳಲ್ಲಿ ಅವು ಬಹಳ ದಟ್ಟ. ಮೈಯ ಬೆವರು ಸೆಕೆಗೆ ಬಂದರೆ, ಅಂಗೈಯ ಬೆವರು ಹೆಚ್ಚಾಗಿ ಮನಸ್ಸಿನ ಗಡಿಬಿಡಿಗೆ ಬರುತ್ತದೆ. ಇವಕ್ಕೆಲ್ಲ ಅಪ್ಪಣೆ ಕೊಡುವುದು ಬೆನ್ನುಮೂಳೆಯ ಎರಡೂ ಬದಿ ಜಪಮಾಲೆಯಂತೆ ಇಳಿದಿರುವ ನರದ ಸರಪಳಿ. ಪ್ಯಾರಿಸ್ಸಿನ ಅಂಗರಚನಾ ಶಾಸ್ತ್ರಜ್ಞ ವಿನ್ಸ್ಲೋ 1732ರಲ್ಲಿ ಅದನ್ನು ದೊಡ್ಡ ಸಿಂಪಥೆಟಿಕ್ ನರ ಎಂದು ಕರೆದ. ನಮ್ಮ ಪಠ್ಯಪುಸ್ತಕಗಳಲ್ಲಿ ಇದು ಅನುವೇದನಾ ನರವ್ಯೂಹ. ಒಂದು ಅಂಗದ ನೋವಿಗೆ ಇನ್ನೊಂದು ಅಂಗ ಮರುಗುತ್ತದೆ ಎಂಬ ಹಳೆಯ ನಂಬಿಕೆಯಿಂದ ಬಂದ ಹೆಸರು.

ಈ ನರ ಏನು ಮಾಡುತ್ತದೆಂಬುದು ಅದು ಕೆಟ್ಟಾಗಲೇ ತಿಳಿದದ್ದು. 1850ರ ಹೊತ್ತಿಗೆ ಫ್ರಾನ್ಸಿನ ಕ್ಲೋದ್ ಬರ್ನಾರ್ ಮೊಲದ ಕುತ್ತಿಗೆಯಲ್ಲಿ ಅದನ್ನು ಕತ್ತರಿಸಿದಾಗ ಆ ಬದಿಯ ಕಿವಿ ಬಿಸಿಯಾಯಿತು. 1869ರಲ್ಲಿ ಸ್ವಿಟ್ಜರ್ಲೆಂಡಿನ ಕಣ್ಣಿನ ವೈದ್ಯ ಹಾರ್ನರ್, ನಲವತ್ತು ವರ್ಷದ ಒಬ್ಬ ರೈತ ಹೆಂಗಸಿನ ವಿಷಯ ಬರೆದ. ಹೆರಿಗೆಯ ನಂತರ ಅವಳ ಬಲಗಣ್ಣಿನ ರೆಪ್ಪೆ ಜೋತುಬಿದ್ದಿತ್ತು, ಪಾಪೆ ಸಣ್ಣದಾಗಿತ್ತು, ಮುಖದ ಆ ಅರ್ಧ ಬೆವರುತ್ತಲೇ ಇರಲಿಲ್ಲ. ಹೊಲದಲ್ಲಿ ದುಡಿಯುವ ಹೆಂಗಸಿನ ಅರ್ಧ ಮುಖ ಒಣಗಿಯೇ ಇದ್ದದ್ದು ವೈದ್ಯಶಾಸ್ತ್ರಕ್ಕೆ ಒಂದು ಪಾಠವಾಯಿತು. ಇಂದಿಗೂ ಅದಕ್ಕೆ ಹಾರ್ನರನ ಹೆಸರೇ ಇದೆ.

ಆಮೇಲೆ ಶಸ್ತ್ರವೈದ್ಯರು ಬಂದರು. ಅವರು ಬೆವರಿಗಾಗಿ ಬಂದವರಲ್ಲ. 1889ರಲ್ಲಿ ಲಿವರ್‌ಪೂಲಿನ ಅಲೆಕ್ಸಾಂಡರ್ ಮೂರ್ಛೆರೋಗಕ್ಕೆಂದು ಕುತ್ತಿಗೆಯ ಈ ನರ ತೆಗೆದ. 1896ರಲ್ಲಿ ಬುಕಾರೆಸ್ಟಿನ ಜೊನೆಸ್ಕೊ ಮೂರ್ಛೆಗೆ, ಗಳಗಂಡಕ್ಕೆ, ಕಣ್ಣಿನ ಒತ್ತಡಕ್ಕೆ ಎಂದು ತೆಗೆಯತೊಡಗಿದ. 1916ರಲ್ಲಿ ಎದೆನೋವಿಗೂ ಮಾಡಿದ. ಮೂರ್ಛೆಗೆ ಅದರಿಂದ ಗುಣವಾಗಲಿಲ್ಲ. 1920ರಲ್ಲಿ ಕೊಟ್ಜಾರೆಫ್ ಎಂಬ ವೈದ್ಯ ಮೊದಲ ಸಲ ಬೆವರಿಗೆಂದೇ ಇದನ್ನು ಮಾಡಿದ. 1923ರ ಸುಮಾರಿಗೆ ಆಸ್ಟ್ರೇಲಿಯದ ಸಿಡ್ನಿಯಲ್ಲಿ ರಾಯಲ್ ಮತ್ತು ಹಂಟರ್ ಎಂಬಿಬ್ಬರು, ಬಿಗಿದುಕೊಂಡ ಲಕ್ವದ ಕಾಲು ಸಡಿಲಾದೀತೆಂದು ಸೊಂಟದ ನರ ಕತ್ತರಿಸಿದರು. ಹಂಟರ್ ಇಪ್ಪತ್ತಾರನೆಯ ವಯಸ್ಸಿಗೇ, 1924ರಲ್ಲಿ ತೀರಿಕೊಂಡ. ಅವರ ಲಕ್ವದ ಸಿದ್ಧಾಂತ ನಿಲ್ಲಲಿಲ್ಲ. ಆದರೆ ನರ ಕತ್ತರಿಸಿದ ಕಾಲು ಬೆಚ್ಚಗೆ, ಒಣಗಿ ಇರುತ್ತದೆ ಎಂಬುದು ಜಗತ್ತಿನ ಶಸ್ತ್ರವೈದ್ಯರಿಗೆಲ್ಲ ಗೊತ್ತಾಯಿತು. ಐವತ್ತು ವರ್ಷಗಳ ಮೇಲೆ ತಳಕಲ್ಲಿನ ಗ್ಯಾಂಗಮನ್ ಒಬ್ಬನ ಹೊಟ್ಟೆಯನ್ನು ಬದಿಗೆ ಕೊಯ್ದದ್ದು ಇದೇ ತಿಳುವಳಿಕೆಯಿಂದ.

ಇದನ್ನೆಲ್ಲ ನೋಟು ಪುಸ್ತಕದಲ್ಲಿ ಬರೆದುಕೊಳ್ಳುವಾಗ ನನಗೊಂದು ಸಂಗತಿ ಹೊಳೆಯಿತು. ಬೆವರು ನಿಂತದ್ದು ಈ ಚರಿತ್ರೆಯಲ್ಲಿ ಮೊದಮೊದಲು ಯಾರೂ ಬೇಡಿದ ಫಲವಲ್ಲ. ಬೇರೆ ಏನನ್ನೋ ಗುಣಪಡಿಸಲು ಹೋದಾಗ ಪಕ್ಕದಲ್ಲಿ ಕಾಣಿಸಿಕೊಂಡ ಪರಿಣಾಮ. ಒಬ್ಬರಿಗೆ ಅಡ್ಡಪರಿಣಾಮವಾದದ್ದು ಇನ್ನೊಬ್ಬರಿಗೆ ಚಿಕಿತ್ಸೆಯಾಯಿತು. ಹಾಗಿದ್ದ ಮೇಲೆ ಬೆವರಿಗೆಂದೇ ಈ ನರ ಕತ್ತರಿಸಿದಾಗ ಅದರ ಪಕ್ಕದಲ್ಲಿ ಏನು ಕಾಣಿಸಿಕೊಳ್ಳುತ್ತದೆ? ತಮ್ಮನಿಗೆ ಯಾರೂ ಹೇಳದೆ ಇದ್ದದ್ದು ಇದೇ.

ಕೈಯ ಬೆವರಿಗೆ ಕತ್ತರಿಸಬೇಕಾದ ನರ ಎದೆಗೂಡಿನೊಳಗೆ, ಪಕ್ಕೆಲುಬುಗಳ ಬುಡದ ಮೇಲೆ ಹಾದುಹೋಗುತ್ತದೆ. ಹಿಂದೆ ಅಲ್ಲಿಗೆ ಹೋಗಲು ಕುತ್ತಿಗೆಯ ಬುಡದಿಂದಲೋ ಬೆನ್ನಿನಿಂದಲೋ ದೊಡ್ಡದಾಗಿ ಕೊಯ್ಯಬೇಕಿತ್ತು. ಕೈ ಒದ್ದೆ ಎಂದು ಅಷ್ಟು ಕೊಯ್ಯಿಸಿಕೊಳ್ಳುವವರು ಕಡಿಮೆ. 1910ರಲ್ಲಿ ಸ್ಟಾಕ್‌ಹೋಮಿನ ಜಾಕೊಬೇಯಸ್ ಎದೆಗೂಡಿನೊಳಗೆ ಕೊಳವೆ ಇಳಿಸಿ ನೋಡುವ ದಾರಿ ತೋರಿಸಿದ್ದ. 1942ರಲ್ಲಿ ಹ್ಯೂಸ್ ಎಂಬಾತ ಅದೇ ಕೊಳವೆಯ ದಾರಿಯಲ್ಲಿ ಈ ನರಕ್ಕೆ ಕೈಹಾಕಿದ. ಆಸ್ಟ್ರಿಯಾದ ಕುಕ್ಸ್ 1954ರ ಹೊತ್ತಿಗೆ ಇಂಥ ಸಾವಿರಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆ ಮಾಡಿ ಪುಸ್ತಕವನ್ನೇ ಬರೆದ. ಆದರೂ ಅದು ಮೂಲೆಯಲ್ಲೇ ಉಳಿಯಿತು. 1990ರ ದಶಕದಲ್ಲಿ ಕೊಳವೆಯ ತುದಿಗೆ ಸಣ್ಣ ಕ್ಯಾಮರಾ ಬಂದು, ಒಳಗಿನದೆಲ್ಲ ಟೀವಿ ಪರದೆಯ ಮೇಲೆ ಕಾಣತೊಡಗಿದಾಗ ಎಲ್ಲ ಕಡೆ ಹಬ್ಬಿತು. ಪೂರ್ತಿ ಪ್ರಜ್ಞೆ ತಪ್ಪಿಸುತ್ತಾರೆ. ಕಂಕುಳ ಕೆಳಗೆ ಒಂದೆರಡು ಸಣ್ಣ ರಂಧ್ರ. ಆ ಬದಿಯ ಶ್ವಾಸಕೋಶವನ್ನು ಸ್ವಲ್ಪ ಹೊತ್ತು ಕುಗ್ಗಿಸಿ, ನರವನ್ನು ಸುಟ್ಟೋ ಕತ್ತರಿಸಿಯೋ ಚಿಮಟಿಗೆ ಹಾಕಿಯೋ ಹೊರಬರುತ್ತಾರೆ. ಮರುಬದಿಯೂ ಹಾಗೆಯೇ. ಎಚ್ಚರವಾದಾಗ ಅಂಗೈ ಒಣಗಿ ಬೆಚ್ಚಗಿರುತ್ತದೆ. ತಮ್ಮ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಆದರೆ ದೇಹಕ್ಕೆ ಸೆಕೆ ಕಳೆಯಲೇಬೇಕು. ಮೇಲಿನ ಭಾಗ ಮುಚ್ಚಿದರೆ ಅದು ಬೆನ್ನು, ಹೊಟ್ಟೆ, ತೊಡೆಗಳಿಂದ ಹೆಚ್ಚು ಬೆವರು ಸುರಿಸುತ್ತದೆ. ಪರಿಹಾರ ಬೆವರು ಎಂದು ಇದನ್ನು ಕರೆಯಬಹುದು. ಹೆಚ್ಚಿನವರಿಗೆ ಇದು ಸ್ವಲ್ಪವಾದರೂ ಬರುತ್ತದೆ. ಬಹಳ ಮಂದಿ ಒಣ ಕೈಯ ಸುಖದ ಮುಂದೆ ಇದನ್ನು ಲೆಕ್ಕಿಸುವುದಿಲ್ಲ. ಕೆಲವರಿಗೆ ಮಾತ್ರ ಮೊದಲಿನ ಕಷ್ಟಕ್ಕಿಂತ ಇದೇ ಹೆಚ್ಚಾಗುತ್ತದೆ, ದಿನಕ್ಕೆ ಎರಡು ಮೂರು ಸಲ ಬಟ್ಟೆ ಬದಲಿಸಬೇಕಾಗುತ್ತದೆ. ಯಾರಿಗೆ ಸ್ವಲ್ಪ ಬರುತ್ತದೆ, ಯಾರಿಗೆ ಬಹಳ ಬರುತ್ತದೆ ಎಂದು ಮೊದಲೇ ಹೇಳಲು ಬರುವುದಿಲ್ಲ. ಕತ್ತರಿಸಿದ ನರವನ್ನು ಮತ್ತೆ ಮೊದಲಿನಂತೆ ಜೋಡಿಸಲೂ ಆಗದು. ಅಪರೂಪಕ್ಕೆ ಹಾರ್ನರನ ರೈತ ಹೆಂಗಸಿನಂತೆ ರೆಪ್ಪೆ ಜೋತುಬೀಳುವುದುಂಟು. ಊಟ ಮಾಡುವಾಗ ಮುಖ ಬೆವರುವುದುಂಟು. ನಾಡಿ ತುಸು ನಿಧಾನವಾಗುವುದುಂಟು. ತೈವಾನ್ ದೇಶದಲ್ಲಿ ಈ ಶಸ್ತ್ರಚಿಕಿತ್ಸೆ ಬಹಳ ನಡೆಯುತ್ತಿತ್ತು. ಅಲ್ಲಿಯ ಸರ್ಕಾರವೇ 2004ರಲ್ಲಿ ಇಪ್ಪತ್ತು ವರ್ಷದೊಳಗಿನವರಿಗೆ ಇದನ್ನು ಮಾಡಬಾರದೆಂದು ತಡೆಯಿತು. 2011ರಲ್ಲಿ ಎದೆಯ ಶಸ್ತ್ರವೈದ್ಯರು ಕೂಡಿ, ಯಾವ ಪಕ್ಕೆಲುಬಿನ ಮಟ್ಟದಲ್ಲಿ ಕತ್ತರಿಸಿದ್ದೆಂದು ಎಲ್ಲರೂ ಒಂದೇ ರೀತಿ ಬರೆದಿಡಬೇಕೆಂದು ಸಲಹೆ ಕೊಟ್ಟರು. ಮೇಲಿನ ಮಟ್ಟದಲ್ಲಿ ಕತ್ತರಿಸಿದಷ್ಟೂ ಪರಿಹಾರ ಬೆವರಿನ ಭಯ ಹೆಚ್ಚು. ಅದಕ್ಕೇ ಈಗ ಮೂರು ನಾಲ್ಕನೆಯ ಪಕ್ಕೆಲುಬಿನ ಮಟ್ಟವನ್ನು ಆರಿಸುತ್ತಾರೆ.

ಕೊಪ್ಪಳಕ್ಕೆ ಹೋಗಿ ಇದನ್ನೆಲ್ಲ ಹೇಳಿದೆ. ತಮ್ಮ ಮುಖ ಸಣ್ಣದು ಮಾಡಿಕೊಂಡ. ಹುಡುಗಿ ಎದ್ದು ಒಳಗೆ ಹೋದಳು. ನಾನೇನೋ ಅವಳ ಕೈಯಿಂದ ಮಿಠಾಯಿ ಕಸಿದಂತೆ ನನಗೇ ಕೆಟ್ಟೆನಿಸಿತು. "ಅಕ್ಕಾ, ಹಂಗಾದ್ರ ಸುಮ್ನ ಅನುಭವಿಸು ಅಂತೀಯೇನು?" ಎಂದ ತಮ್ಮ. ಹಾಗೆ ಹೇಳಲು ನಾನು ಬಂದಿರಲಿಲ್ಲ. ಮೊದಲು ಚರ್ಮದ ವೈದ್ಯರಿಗೆ ತೋರಿಸೋಣ ಎಂದೆ.

ಚರ್ಮದ ವೈದ್ಯರು ಹೆಂಗಸು, ನನ್ನ ವಯಸ್ಸಿನವರೇ. ಅವರು ಕೇಳಿದ ಮೊದಲ ಪ್ರಶ್ನೆ, "ನಿದ್ದೆಯಲ್ಲಿ ಕೈ ಒಣಗಿರುತ್ತದೆಯೋ, ಒದ್ದೆಯಿರುತ್ತದೆಯೋ?" ನಾವು ಯಾರೂ ಉತ್ತರ ಹೇಳಲಾಗಲಿಲ್ಲ. ಅಂದು ರಾತ್ರಿ ತಮ್ಮನ ಹೆಂಡತಿ ಎರಡು ಸಲ ಎದ್ದು, ಮೊಬೈಲಿನ ದೀಪ ಹಿಡಿದು, ಮಲಗಿದ ಮಗಳ ಅಂಗೈ ಮುಟ್ಟಿ ನೋಡಿದಳು. ಬೆಳಿಗ್ಗೆ ನನಗೆ ಚಹಾ ಕೊಡುತ್ತ, "ಒಣಗಿದ್ವು ವೈನಿ, ಸಣ್ಣ ಕೂಸಿನ ಕೈ ಆಗಿದ್ವು" ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ನನ್ನ ಕೈಯೂ ನಿದ್ದೆಯಲ್ಲಿ ಒಣಗಿರುತ್ತದೋ ಏನೋ, ಐವತ್ತು ವರ್ಷ ಯಾರೂ ನೋಡಿರಲಿಲ್ಲ.

ಈ ಪ್ರಶ್ನೆಯನ್ನು ಓದುವ ಅಕ್ಕತಂಗಿಯರು ನೆನಪಿಡಬೇಕು. ಚಿಕ್ಕಂದಿನಿಂದ ಎರಡೂ ಕೈಗೆ ಸಮನಾಗಿ ಬರುವ, ನಿದ್ದೆಯಲ್ಲಿ ನಿಲ್ಲುವ ಬೆವರು ಬೇರೆ. ನಡುವಯಸ್ಸಿನಲ್ಲಿ ಹೊಸದಾಗಿ ಶುರುವಾದ, ಮೈಯೆಲ್ಲ ಬರುವ, ರಾತ್ರಿ ಹಾಸಿಗೆ ನೆನೆಸುವ ಬೆವರು ಬೇರೆ. ಎರಡನೆಯದರ ಹಿಂದೆ ಥೈರಾಯಿಡ್, ಸಕ್ಕರೆ ಕಾಯಿಲೆ, ಕ್ಷಯ ಅಥವಾ ಯಾವುದೋ ಮಾತ್ರೆ ಇರಬಹುದು. ಮುಟ್ಟು ನಿಲ್ಲುವ ಕಾಲದ ಬೆವರೂ ಇರಬಹುದು. ಅದಕ್ಕೆ ಮೂಲವನ್ನೇ ಹುಡುಕಬೇಕು, ನರ ಕತ್ತರಿಸುವ ಮಾತೇ ಇಲ್ಲ.

ಮೊದಲನೆಯದಕ್ಕೆ ವೈದ್ಯರು ಮೆಟ್ಟಿಲು ಮೆಟ್ಟಿಲಾಗಿ ದಾರಿ ಹೇಳಿದರು. ಮೊದಲನೆಯ ಮೆಟ್ಟಿಲು ಅಲ್ಯುಮಿನಿಯಂ ಕ್ಲೋರೈಡ್ ದ್ರಾವಣ. ಮಲಗುವಾಗ ಪೂರ್ತಿ ಒಣಗಿದ ಚರ್ಮಕ್ಕೆ ಹಚ್ಚಬೇಕು. ಬೆವರಿನ ರಂಧ್ರಗಳಿಗೆ ತಾತ್ಕಾಲಿಕ ಬಿರಡೆ ಹಾಕಿದಂತೆ. ಕೆಲವರಿಗೆ ಉರಿಯುತ್ತದೆ. ಎರಡನೆಯದು ನೀರು ಮತ್ತು ಸಣ್ಣ ವಿದ್ಯುತ್ತಿನ ಯಂತ್ರ. ಎರಡು ತಟ್ಟೆ ನಲ್ಲಿ ನೀರಿನಲ್ಲಿ ಅಂಗೈ ಮುಳುಗಿಸಿ ಕೂತರೆ, ಯಂತ್ರ ಬಹಳ ಸಣ್ಣ ಪ್ರಮಾಣದ ವಿದ್ಯುತ್ತು ಹರಿಸುತ್ತದೆ. ಇಪ್ಪತ್ತು ಮೂವತ್ತು ನಿಮಿಷ, ಮೊದಲಿಗೆ ವಾರಕ್ಕೆ ಮೂರು ನಾಲ್ಕು ಸಲ, ಆಮೇಲೆ ಕಡಿಮೆ. ಗರ್ಭಿಣಿಯರಿಗೆ, ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರಿಗೆ ಇದು ಸಲ್ಲದು. ಮನೆಯ ಕರೆಂಟಿನಿಂದ ಇದನ್ನು ತಾವೇ ಮಾಡಿಕೊಳ್ಳಲು ಹೋದರೆ ಜೀವಕ್ಕೇ ಅಪಾಯ. ಮೂರನೆಯದು ಮಾತ್ರೆ. ಬಾಯಿ ಒಣಗುತ್ತದೆ, ಮಲಬದ್ಧತೆಯಾಗುತ್ತದೆ, ಅದಕ್ಕೇ ವೈದ್ಯರ ಕಣ್ಗಾವಲು ಬೇಕು. ನಾಲ್ಕನೆಯದು ಬೊಟೊಕ್ಸ್ ಚುಚ್ಚುಮದ್ದು. ಕಂಕುಳ ಬೆವರಿಗೆ ಅಮೆರಿಕ ಸರ್ಕಾರ ಇದಕ್ಕೆ ಒಪ್ಪಿಗೆ ಕೊಟ್ಟದ್ದು 2004ರಲ್ಲಿ. ಕೆಲವು ತಿಂಗಳು ಮಾತ್ರ ಗುಣ ಇರುತ್ತದೆ, ಅಂಗೈಗೆ ಚುಚ್ಚಿದರೆ ಬಹಳ ನೋವು, ಖರ್ಚೂ ಬಹಳ.

ಶಸ್ತ್ರಚಿಕಿತ್ಸೆ ಇವೆಲ್ಲದರ ನಂತರ. ಅದರಲ್ಲೂ ಬೆವರು ಎಲ್ಲಿಯದೆಂದು ನೋಡಬೇಕು. ಕಂಕುಳದ್ದೊಂದೇ ಆದರೆ ಎದೆಯೊಳಗಿನ ನರಕ್ಕೆ ಕೈ ಹಾಕುವ ಅಗತ್ಯವೇ ಬೀಳಲಿಕ್ಕಿಲ್ಲ. 1963ರಲ್ಲಿ ಅಮೆರಿಕದ ಹರ್ಲಿ ಮತ್ತು ಶೆಲ್ಲಿ, ಕಂಕುಳಲ್ಲಿ ಹೆಚ್ಚು ಬೆವರುವ ಭಾಗವನ್ನಷ್ಟೇ ಗುರುತು ಮಾಡಿ ತೆಗೆಯುವ ಸರಳ ಶಸ್ತ್ರಚಿಕಿತ್ಸೆ ತೋರಿಸಿದರು. ಈಗ ಸಣ್ಣ ರಂಧ್ರದಿಂದ ಆ ಗ್ರಂಥಿಗಳನ್ನು ಕೆರೆದು ತೆಗೆಯುವುದೂ ಇದೆ, 2011ರಿಂದ ಅವನ್ನು ಶಾಖದಿಂದ ನಾಶಮಾಡುವ ಯಂತ್ರವೂ ಇದೆ. ಗಾಯದ ಕಲೆ, ಮರಗಟ್ಟುವಿಕೆ ಇಲ್ಲಿಯ ತೊಂದರೆಗಳು. ಕೈಯ ತೀವ್ರ ಬೆವರಿಗೆ ಎದೆಯೊಳಗಿನ ನರದ ಶಸ್ತ್ರಚಿಕಿತ್ಸೆ. ಕಾಲಿಗೆ ಮಾವನಿಗೆ ಮಾಡಿದ ಸೊಂಟದ ನರದ್ದು.

ಕತ್ತರಿಯ ಕಾಲವೂ ಮುಗಿಯುತ್ತದೆ ಎಂಬುದಕ್ಕೆ ಇದೇ ನರದ ಚರಿತ್ರೆಯಲ್ಲಿ ಇನ್ನೊಂದು ಕಥೆಯಿದೆ. 1930ರ ದಶಕದಿಂದ ಅಮೆರಿಕದಲ್ಲಿ ರಕ್ತದೊತ್ತಡ ಇಳಿಸಲು ಸಾವಿರಾರು ಜನರಿಗೆ ಈ ಸರಪಳಿಯ ಉದ್ದನೆಯ ತುಂಡನ್ನೇ ತೆಗೆಯುತ್ತಿದ್ದರು. ಆಗ ಬೇರೆ ಒಳ್ಳೆಯ ಔಷಧವಿರಲಿಲ್ಲ. 1949ರಲ್ಲಿ ಮುಂಬಯಿಯ ಡಾಕ್ಟರ್ ರುಸ್ತುಂ ಜಾಲ್ ವಕೀಲರು ನಮ್ಮ ಸರ್ಪಗಂಧದ ಬೇರಿನಿಂದ ರಕ್ತದೊತ್ತಡ ಇಳಿಯುವುದನ್ನು ಬ್ರಿಟನ್ನಿನ ಹೃದಯರೋಗ ಪತ್ರಿಕೆಯಲ್ಲಿ ಬರೆದರು. 1952ರಲ್ಲಿ ಆ ಬೇರಿನ ಸಾರ ರೆಸರ್ಪಿನ್ ಬೇರ್ಪಟ್ಟಿತು. ಒಂದರ ಹಿಂದೊಂದು ಮಾತ್ರೆಗಳು ಬಂದವು. ರಕ್ತದೊತ್ತಡಕ್ಕೆಂದು ನರ ತೆಗೆಯುವುದು ನಿಂತುಹೋಯಿತು. ಆಗ ಕತ್ತರಿ ಹಿಡಿದವರು ತಪ್ಪು ಮಾಡಿದರು ಎನ್ನಲಾರೆ. ಬೇರೆ ದಾರಿ ಇಲ್ಲದವರಿಗೆ ಅವರು ದಾರಿ ಮಾಡಿದರು. ದಾರಿ ಇರುವವರು ಮಾತ್ರ ಮೊದಲು ಆ ದಾರಿಯಲ್ಲಿ ನಡೆದು ನೋಡಬೇಕು.

ನನ್ನ ಸಹೋದ್ಯೋಗಿಯೊಬ್ಬರ ಮಗ ಈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದಾನೆ. ಅವನನ್ನು ಕರೆಸಿ ಹುಡುಗಿಯ ಜೊತೆ ಮಾತಾಡಿಸಿದೆ. ನಾನು ನಡುವೆ ಬಾಯಿ ಹಾಕಲಿಲ್ಲ. ಅವನು ತನ್ನ ಒಣ ಕೈ ತೋರಿಸಿದ. "ನನಗ ಪಶ್ಚಾತ್ತಾಪ ಇಲ್ಲ. ಆದ್ರ ಬ್ಯಾಗಿನ್ಯಾಗ ಯಾವಾಗಲೂ ಇನ್ನೊಂದು ಅಂಗಿ ಇಟ್ಕೊಂಡಿರತೀನಿ. ಬೆನ್ನು ಹಿಂಗ ತೊಯ್ತೈತಿ ಅಂತ ನನಗ ಮೊದಲ ಯಾರಾದ್ರೂ ಸರಿಯಾಗಿ ಹೇಳಬೇಕಿತ್ತು" ಎಂದ. ಅವನ ಮಾತು ನನ್ನ ನೋಟು ಪುಸ್ತಕಕ್ಕಿಂತ ಹೆಚ್ಚು ಕೆಲಸ ಮಾಡಿತು.

ಅವನು ಹೋದ ಮೇಲೆ ಹುಡುಗಿ ಕೇಳಿದಳು: "ಅತ್ತಿ, ನಿನ್ನ ಕಾಲಕ್ಕ ಈ ಆಪರೇಶನ್ ಸಿಕ್ಕಿದ್ರ ನೀ ಮಾಡಸ್ಕೊಂತಿದ್ಯೇನು?"

ಸುಳ್ಳು ಹೇಳಬಾರದೆಂದು ಸ್ವಲ್ಪ ಹೊತ್ತು ಸುಮ್ಮನಿದ್ದೆ. 1986ರ ಆ ಪರೀಕ್ಷೆಯ ದಿನ ಕೇಳಿದ್ದರೆ ಎರಡೂ ಕೈ ಮುಂದೆ ಚಾಚಿ ಮಲಗಿಬಿಡುತ್ತಿದ್ದೆ ಎಂದೆ. ಸೀಮೆಸುಣ್ಣ ಕೈಯಲ್ಲೇ ಕರಗುತ್ತಿದ್ದ ಬಿ.ಎಡ್. ಪಾಠದ ದಿನ ಕೇಳಿದ್ದರೂ ಹೂಂ ಎನ್ನುತ್ತಿದ್ದೆ. ನೋಡಲು ಬಂದವರ ಮುಂದೆ ಚಹಾದ ಬಸಿ ಜಾರಿದ ದಿನವಂತೂ ಕೇಳುವುದೇ ಬೇಡ. "ಆದ್ರ ಆ ದಿನ ಬಿಟ್ಟು ಬ್ಯಾರೆ ಯಾವ ದಿನ ಕೇಳಿದ್ರೂ, ಮೊದಲ ಉಳಿದದ್ದೆಲ್ಲಾ ಮಾಡಿ ನೋಡತೀನಿ ಅಂತಿದ್ದೆ. ಅವಮಾನ ಆದ ದಿನ ಇಂಥಾ ನಿರ್ಧಾರ ಮಾಡಬಾರದವಾ" ಎಂದೆ.

ಅವಳು ನೀರಿನ ಯಂತ್ರ ಆರಿಸಿಕೊಂಡಳು. ವೈದ್ಯರಲ್ಲಿಗೇ ಹೋಗಿ ಮೂರು ತಿಂಗಳು ಬಿಡದೆ ಮಾಡಿಸಿಕೊಂಡಳು. ಕೈ ಪೂರ್ತಿ ಒಣಗಲಿಲ್ಲ, ಮೊದಲಿನ ಅರ್ಧಕ್ಕೆ ಇಳಿಯಿತು. ಕಾಲೇಜಿನ ಹೆಬ್ಬೆಟ್ಟಿನ ಯಂತ್ರ ಈಗ ಒಂದೇ ಸಲಕ್ಕೆ ಒಪ್ಪುತ್ತದಂತೆ. ಬಿಟ್ಟರೆ ಮತ್ತೆ ಬರುತ್ತದೆ, ಅದಕ್ಕೇ ಈಗಲೂ ಆಗಾಗ ಕೂರುತ್ತಾಳೆ. ಓದು ಮುಗಿದ ಮೇಲೂ ಸಾಕೆನಿಸದಿದ್ದರೆ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುತ್ತೇನೆ ಎನ್ನುತ್ತಾಳೆ. ಮಾಡಿಸಿಕೊಳ್ಳಲಿ. ಆಗ ಅವಳಿಗೆ ಏನು ಸಿಗುತ್ತದೆ, ಏನು ಹೋಗುತ್ತದೆ ಎರಡೂ ಗೊತ್ತಿರುತ್ತದೆ. ಆಸ್ಪತ್ರೆಗೆ ಜೊತೆಯಲ್ಲಿ ಹೋಗುವವಳು ನಾನೇ.

ಮಾವ ಈಗಿಲ್ಲ. ಶಸ್ತ್ರಚಿಕಿತ್ಸೆಯಾದ ಮೇಲೂ ಅವನು ಬೀಡಿ ಬಿಡಲಿಲ್ಲ. ಎಡಗಾಲು ಬೆಚ್ಚಗಿದ್ದರೂ ಐದಾರು ವರ್ಷಗಳಲ್ಲಿ ಬಲಗಾಲಿನ ಎರಡು ಬೆರಳು ತೆಗೆಯಬೇಕಾಯಿತು. ಆ ಕಾಯಿಲೆಗೆ ತಂಬಾಕು ಬಿಡುವುದೇ ಮೊದಲ ಔಷಧ; ನರ ಕತ್ತರಿಸುವುದು ಆಮೇಲಿನದು. ಅವನಿಗೂ ದವಾಖಾನೆಯಲ್ಲಿ ಯಾರೋ ಹೇಳಿರಬೇಕು. ನರ ಕತ್ತರಿಸಿದ್ದಾರಲ್ಲ, ಇನ್ನೇನು ಎಂದು ಅವನು ಧೈರ್ಯವಾಗಿದ್ದ.

ಹೋದ ಪಂಚಮಿಗೆ ತಮ್ಮನ ಮನೆಯಲ್ಲಿದ್ದೆ. ಊಟಕ್ಕೆ ಕೂತಾಗ ತಮ್ಮನ ಹೆಂಡತಿ ಒಳಗಿನಿಂದಲೇ, "ಉಪ್ಪಿನಕಾಯಿ ಬಡಸವಾ" ಎಂದು ಮಗಳಿಗೆ ಕೂಗಿದಳು. ಹುಡುಗಿ ಕೈ ಒರೆಸಿಕೊಂಡು ಭರಣಿ ತೆರೆದು ಸೌಟು ಹಾಕಿದಳು. ನಾನು, "ಬೂಷ್ಟ ಬರೂದಿಲ್ಲೇನು?" ಎಂದು ಕೇಳಿಯೇಬಿಟ್ಟೆ. ಅವಳು ನನ್ನನ್ನೇ ವಿಚಿತ್ರವಾಗಿ ನೋಡಿ, "ಸೌಟು ಐತಲ್ಲ ಅತ್ತಿ, ಕೈ ಎಲ್ಲಿ ಹತ್ತತೈತಿ?" ಎಂದಳು. ಹೌದಲ್ಲ! ನಮ್ಮ 
ಮನೆಯಲ್ಲೂ ಸೌಟು ಇತ್ತು.